ಕತ್ತಲಲ್ಲಿ ಒಲಿದ ಸಂಖ್ಯೆ

ಕಳೆದ ವರ್ಷ ಒಂದು ಕಂಪನಿಯ ಕೋಡಿಂಗ್ ಟೆಸ್ಟ್‌ನಲ್ಲಿ ನನ್ನ ಪ್ರೋಗ್ರಾಮ್ ಬರೀ ಕೂಡುವ ಲೆಕ್ಕಕ್ಕೆ ಮೈನಸ್ ಉತ್ತರ ಕೊಟ್ಟಿತು. ತಪ್ಪು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಸಮಯ ಮುಗಿದಿತ್ತು. ಕೆಲಸವೂ ಕೈತಪ್ಪಿತು. ಮೈನಸ್ ಸಂಖ್ಯೆಗಳಿಗೂ ಎಡೆಯಿರುವ 32 ಬಿಟ್‌ನ ಜಾಗದಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ 2,14,74,83,647, ನನ್ನ ಮೊತ್ತ ಅದನ್ನು ದಾಟಿತ್ತು ಎಂದು ಆಮೇಲೆ ಗೆಳೆಯ ತಿಳಿಸಿದ. ಸಿಟ್ಟಿನಲ್ಲೇ ಆ ಸಂಖ್ಯೆಯ ಜಾತಕ ಹುಡುಕಲು ಕೂತೆ. ಸಿಕ್ಕಿದ್ದು ಲಿಯೊನಾರ್ಡ್ ಆಯ್ಲರ್ ಅವರ ಬದುಕು.

ಆಯ್ಲರ್ 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದರು. ಮಗ ತನ್ನಂತೆ ಪಾದ್ರಿಯಾಗಲಿ ಎಂಬುದು ತಂದೆಯ ಆಸೆಯಾಗಿತ್ತು. ಹುಡುಗನ ಮನಸ್ಸು ಗಣಿತದ ಕಡೆಗಿತ್ತು. ಊರಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರು, ಸಿಗಲಿಲ್ಲ. 20 ತುಂಬುವ ಮೊದಲೇ, 1727ರಲ್ಲಿ, ದೂರದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟರು. ಇದನ್ನು ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

25ನೇ ವಯಸ್ಸಿನಲ್ಲಿ ಅವರು ದೊಡ್ಡವರ ಮಾತೊಂದನ್ನು ಸುಳ್ಳಾಗಿಸಿದರು. ಫರ್ಮಾ ಅವರು ಅವಿಭಾಜ್ಯವೆಂದು ನಂಬಿದ್ದ 4,29,49,67,297 ಎಂಬ ಸಂಖ್ಯೆಯನ್ನು 641 ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ತೋರಿಸಿದರು.

ಮುಂದೆ ಬಲಗಣ್ಣಿನ ದೃಷ್ಟಿ ಹೋಯಿತು. ಬಳಿಕ ಎಡಗಣ್ಣಿಗೂ ಪೊರೆ ಬಂತು. 1771ರಲ್ಲಿ ಶಸ್ತ್ರಚಿಕಿತ್ಸೆಯಾಗಿ ಕೆಲವು ದಿನ ಬೆಳಕು ಕಂಡರೂ ಅದು ಉಳಿಯಲಿಲ್ಲ. ಅದೇ ವರ್ಷ ಮನೆಗೆ ಬೆಂಕಿ ಬಿತ್ತು. ಅವರದೇ ಊರಿನ ಪೀಟರ್ ಗ್ರಿಮ್ ಎಂಬ ಕುಶಲಕರ್ಮಿ ಹೆಗಲ ಮೇಲೆ ಹೊತ್ತು ಹೊರತಂದು ಜೀವ ಉಳಿಸಿದ.

ಮರುವರ್ಷ, 1772ರಲ್ಲಿ, 2,14,74,83,647 ಅವಿಭಾಜ್ಯ ಎಂದು ಆಯ್ಲರ್ ಪತ್ರದ ಮೂಲಕ ತಿಳಿಸಿದರು. 31 ಎರಡುಗಳನ್ನು ಗುಣಿಸಿ, ಒಂದು ಕಳೆದರೆ ಬರುವ ಸಂಖ್ಯೆ ಇದು. ಇದು ಅವಿಭಾಜ್ಯ ಹೌದೋ ಅಲ್ಲವೋ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ, ಅಂದರೆ 46,340ರವರೆಗಿನ, ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬೇಕು. ಅವು 4,700ಕ್ಕೂ ಹೆಚ್ಚು! ಆಯ್ಲರ್ ಭಾಗಿಸುವ ಮೊದಲು ಯೋಚಿಸಿದರು. ಇದಕ್ಕೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು ಎಂದು ಕಂಡುಕೊಂಡರು. ಅಂಥ ಸಂಖ್ಯೆಗಳು 400ಕ್ಕಿಂತ ಕಡಿಮೆ. ಅವುಗಳಲ್ಲಿ ಅವಿಭಾಜ್ಯಗಳಂತೂ ಇನ್ನೂ ಕಡಿಮೆ. ಯಾವುದೂ ನಿಶ್ಶೇಷವಾಗಿ ಭಾಗಿಸಲಿಲ್ಲ.

ಆಗ ಅವರಿಗೆ 65 ವರ್ಷ. ಮುಂದೆಯೂ ಮನಸ್ಸಿನಲ್ಲೇ ಲೆಕ್ಕ ಮಾಡಿ ಹೇಳುತ್ತಿದ್ದರು, ಮಗ ಮತ್ತು ಸಹಾಯಕರು ಬರೆದುಕೊಳ್ಳುತ್ತಿದ್ದರು. 1783ರ ಸೆಪ್ಟೆಂಬರ್ 18ರಂದು ತೀರಿಕೊಳ್ಳುವವರೆಗೂ ಕೆಲಸ ನಿಲ್ಲಿಸಲಿಲ್ಲ.

ಹೆಚ್ಚು ಹೊತ್ತು ಕೂತವನೇ ಗೆಲ್ಲುತ್ತಾನೆ ಎಂದು ನಾನು ನಂಬಿದ್ದೆ. ಯಾವ ಕೆಲಸ ಬೇಡ ಎಂದು ಮೊದಲೇ ಅರಿಯುವುದೂ ಶ್ರಮವೇ ಎಂದು ಈಗ ಅನ್ನಿಸುತ್ತಿದೆ. ಮೊನ್ನೆ ಇನ್ನೊಂದು ಟೆಸ್ಟ್ ಬರೆದೆ. ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟಲಿಲ್ಲ. ಫಲಿತಾಂಶ ಇನ್ನೂ ಬಂದಿಲ್ಲ. ಆದರೆ ಈ ಸಲ ಉತ್ತರವಂತೂ ಮೈನಸ್ ಬರಲಿಲ್ಲ.