ಕಾಯಕಯೋಗಿ ಹರ್ಡೇಕರ ಮಂಜಪ್ಪನವರು

ಶರಣಶ್ರೇಷ್ಠರಾದ ಹರ್ಡೇಕರ ಮಂಜಪ್ಪನವರು 1886ರಲ್ಲಿ ಬನವಾಸಿಯ ಬಡ ಮನೆತನದಲ್ಲಿ ಜನಿಸಿದರು. ಸಿರಸಿಯಲ್ಲಿ ಶಿಕ್ಷಕರಾಗಿದ್ದ ಅವರು, ಸ್ವದೇಶಿ ಚಳವಳಿಗೆ ಮನಸೋತು ಚಾಕರಿಯನ್ನು ತ್ಯಜಿಸಿ, 1906ರಲ್ಲಿ ದಾವಣಗೆರೆಯಲ್ಲಿ ಧನುರ್ಧಾರಿ ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ಮೃತ್ಯುಂಜಯ ಅಪ್ಪಗಳೊಡನೆ ಅಲ್ಲಿಯೇ ಬಸವಜಯಂತಿಯ ಸಾರ್ವಜನಿಕ ಉತ್ಸವಕ್ಕೆ ನಾಂದಿಯಿಟ್ಟರು. ಆದರೆ ನಾಲಗೆಯು ಕೊಂಡಾಡುವ ಕಾಯಕಕ್ಕೆ ಕೈಗಳೂ ಸಾಕ್ಷಿಯಾಗಬೇಡವೆ?

ಅದಕ್ಕೆಂದೇ 1927ರಲ್ಲಿ ಅವರು ಬಸವಣ್ಣನವರ ಬಾಗೇವಾಡಿಯ ಸೀಮೆಗೆ ಬಂದು, ಕೃಷ್ಣಾತೀರದ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿ ಅಕ್ಷರಾಭ್ಯಾಸದ ಸಂಗಡ ನೂಲುವ ಕಾಯಕವೂ ವಿದ್ಯೆಯೆನಿಸಿತು. ಹಂಜಿಯನ್ನು ಅವಸರದಿಂದೆಳೆದರೆ ಎಳೆಯು ಹರಿಯುವುದು, ಆಲಸ್ಯದಿಂದೆಳೆದರೆ ಗಂಟಾಗುವುದು. ಬಾಲಕನ ತಪ್ಪನ್ನು ಬೆತ್ತವು ತೋರಿಸಬೇಕಿಲ್ಲ, ನೂಲೇ ತೋರಿಸುವುದು. ಮಹಾತ್ಮಾ ಗಾಂಧಿಯವರು 1937ರಲ್ಲಿ ವಾರ್ಧಾದಲ್ಲಿ ಕೈಗಸುಬಿನ ಮೂಲಕ ಶಿಕ್ಷಣವೆಂಬ ಯೋಜನೆಯನ್ನು ದೇಶದ ಮುಂದಿಡುವ ಹತ್ತು ವರ್ಷ ಮೊದಲೇ ಈ ಬೀಜವು ನಮ್ಮ ಎರೆನೆಲದಲ್ಲಿ ಬಿದ್ದಿತ್ತು.

ಆಜನ್ಮ ಬ್ರಹ್ಮಚಾರಿಗಳಾಗಿ ಬಾಳಿದ ಮಂಜಪ್ಪನವರು 1947ರ ಜನವರಿ 3ರಂದು ಲಿಂಗೈಕ್ಯರಾದರು. ಓದಿದವನು ದುಡಿಮೆಗೆ ನಾಚಿದರೆ ಆ ಓದು ಅವನನ್ನು ಹೆತ್ತವರಿಂದಲೇ ಅಗಲಿಸುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಶಾಲೆಗಳಲ್ಲಿ ಮಣ್ಣು, ನೂಲು, ಕಟ್ಟಿಗೆಗಳಿಂದ ಮಗುವೊಂದು ಸ್ವಂತ ಕೈಯಿಂದ ವಸ್ತುವನ್ನು ರಚಿಸಿದಾಗಲೆಲ್ಲ ಆ ಮಹನೀಯರ ಸಂಕಲ್ಪವು ಮತ್ತೊಮ್ಮೆ ಚಿಗುರುವುದು. ಸದ್ಭಕ್ತರು ಮಕ್ಕಳ ಓದಿನೊಡನೆ ಅವರ ಕೈಗಳನ್ನೂ ವಿಚಾರಿಸಲಿ.