ಗುಲಾಬಿ ಮುಳ್ಳು ಮತ್ತು ಮೆಚ್ನಿಕಾಫ್

ಮಕ್ಕಳೇ, ಬರಿಗಾಲಲ್ಲಿ ಆಡುವಾಗ ಮುಳ್ಳು ಚುಚ್ಚಿ ಒಳಗೇ ಮುರಿದರೆ ಏನಾಗುತ್ತದೆ? ಮರುದಿನ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ. ಕೆಲವೊಮ್ಮೆ ಕೀವೂ ಕಟ್ಟುತ್ತದೆ. ಇದಕ್ಕೆ ಉರಿಯೂತ ಎಂದು ಹೆಸರು. ಇದು ಏಕೆ ಆಗುತ್ತದೆ ಎಂದು ಹುಡುಕಹೊರಟವರು ಇಲ್ಯಾ ಮೆಚ್ನಿಕಾಫ್.

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಈಗಿನ ಉಕ್ರೇನ್ ದೇಶದ ಖಾರ್ಕಿವ್ ನಗರದ ಸಮೀಪದ ಒಂದು ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಬಾಲಕ ಓದಿನಲ್ಲಿ ಬಹಳ ಚುರುಕು. ನಾಲ್ಕು ವರ್ಷದ ವಿಶ್ವವಿದ್ಯಾಲಯದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ಮುಂದೆ ಒಡೆಸ್ಸಾ ನಗರದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದರು. ಆದರೆ ಮನೆಯಲ್ಲಿ ಕಷ್ಟ ತಪ್ಪಲಿಲ್ಲ. ಮೊದಲ ಪತ್ನಿ 1873ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಎರಡನೆಯ ಪತ್ನಿ ಓಲ್ಗಾ ವಿಷಮಶೀತ ಜ್ವರ ಬಂದು ಬಹಳ ನರಳಿ ಬದುಕಿಕೊಂಡರು.

1882ರಲ್ಲಿ ಅವರು ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾ ಎಂಬ ಕಡಲ ಊರಿಗೆ ಬಂದರು. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕಪಿಗಳನ್ನು ನೋಡಲು ಹೋದರು. ಮೆಚ್ನಿಕಾಫ್ ಮಾತ್ರ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಅದರ ಕೆಳಗೆ ನಕ್ಷತ್ರಮೀನಿನ ಮರಿ ಇತ್ತು. ಮರಿಯ ಮೈ ಗಾಜಿನಂತೆ ಪಾರದರ್ಶಕ. ಒಳಗೆ ಅಲೆದಾಡುವ ಜೀವಕೋಶಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಇವು ದೇಹದ ಕಾವಲುಗಾರರಿರಬಹುದೇ? ಹಾಗಿದ್ದರೆ ಮುಳ್ಳು ಚುಚ್ಚಿದ ಕಡೆ ಅವು ಓಡಿ ಬರಬೇಕಲ್ಲವೇ? ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ತಂದು ಮರಿಗಳ ಮೈಗೆ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ, ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು!

ಹೊರಗಿನಿಂದ ಬಂದದ್ದನ್ನು ನುಂಗಿಬಿಡುವ ಈ ಕೋಶಗಳಿಗೆ ಫ್ಯಾಗೊಸೈಟ್, ಅಂದರೆ ಭಕ್ಷಕ ಕೋಶ ಎಂಬ ಹೆಸರು ಬಂತು. ನಮ್ಮ ಕೆಲವು ಬಿಳಿ ರಕ್ತಕಣಗಳೂ ಇದೇ ಜಾತಿಯವು. ಹಲವು ವಿಜ್ಞಾನಿಗಳು ಇದನ್ನು ಒಪ್ಪಲಿಲ್ಲ. ರೋಗವನ್ನು ತಡೆಯುವುದು ಕೋಶಗಳಲ್ಲ, ರಕ್ತದ ದ್ರವದಲ್ಲಿರುವ ವಸ್ತುಗಳು ಎಂಬುದು ಅವರ ವಾದ. 1888ರಲ್ಲಿ ಲೂಯಿ ಪಾಶ್ಚರ್ ಪ್ಯಾರಿಸ್ಸಿನ ತಮ್ಮ ಸಂಸ್ಥೆಯಲ್ಲಿ ಮೆಚ್ನಿಕಾಫ್ ಅವರಿಗೆ ಜಾಗ ಕೊಟ್ಟರು. ಜಗಳ ಇಪ್ಪತ್ತು ವರ್ಷ ನಡೆಯಿತು. ಕೊನೆಗೆ 1908ರ ನೊಬೆಲ್ ಪ್ರಶಸ್ತಿ ಮೆಚ್ನಿಕಾಫ್ ಮತ್ತು ಎದುರು ಪಕ್ಷದ ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿಹೋಯಿತು. ಇಬ್ಬರೂ ಸರಿಯಾಗಿದ್ದರು ಎಂಬುದು ಈಗ ಗೊತ್ತು. ಮುಪ್ಪನ್ನು ದೂರವಿಡಲು ಮೊಸರು ತಿನ್ನಿ ಎಂದೂ ಮೆಚ್ನಿಕಾಫ್ ಹೇಳುತ್ತಿದ್ದರು. ಅದು ಮಾತ್ರ ಸಾಬೀತಾಗಲಿಲ್ಲ! 1916ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ನಿಧನರಾದರು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಮುಳ್ಳು ಚುಚ್ಚಿದ ಸುದ್ದಿ ದೂರದ ಕೋಶಗಳಿಗೆ ತಿಳಿದದ್ದು ಹೇಗೆ? ಕೋಶಗಳು ಸಣ್ಣ ಸಣ್ಣ ರಾಸಾಯನಿಕ ಸಂದೇಶಗಳನ್ನು ಹೊರಬಿಟ್ಟು ಒಂದನ್ನೊಂದು ಕರೆಯುತ್ತವೆ ಎಂಬುದು ಅನಂತರ ತಿಳಿಯಿತು. ಇವುಗಳಲ್ಲಿ ಹಲವಕ್ಕೆ ಸೈಟೊಕೈನ್ ಎಂದು ಹೆಸರು.

ಈ ಕರೆ ಅತಿಯಾದರೆ ಅಪಾಯ. ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯವನ್ನೇ ನೋಡಿ. ಇದನ್ನು 1887ರಲ್ಲಿ ವಿಯೆನ್ನಾದ ಆಂಟನ್ ವೈಕ್ಸೆಲ್ಬಾಮ್ ಗುರುತಿಸಿದರು. ಸುಮಾರು ಹತ್ತು ಜನರಲ್ಲಿ ಒಬ್ಬರ ಮೂಗು, ಗಂಟಲಿನಲ್ಲಿ ಇದು ತೊಂದರೆ ಕೊಡದೆ ಇರುತ್ತದೆ. ಅಪರೂಪಕ್ಕೆ ರಕ್ತಕ್ಕೆ ಇಳಿದಾಗ ಮಿದುಳಿನ ಪೊರೆಗೆ ಉರಿಯೂತ ತರುತ್ತದೆ, ರಕ್ತವನ್ನೂ ಕೆಡಿಸುತ್ತದೆ. ಅದರ ಮೈಯಿಂದ ಕಳಚುವ ವಿಷವಸ್ತುವನ್ನು ಕಂಡು ಭಕ್ಷಕ ಕೋಶಗಳು ಮೈತುಂಬ ಸಂದೇಶ ಹರಡುತ್ತವೆ. ಆಗ ರಕ್ತನಾಳಗಳು ಸೋರುತ್ತವೆ, ರಕ್ತದ ಒತ್ತಡ ಕುಸಿಯುತ್ತದೆ. ಟಿಎನ್‌ಎಫ್ ಎಂಬ ಸೈಟೊಕೈನ್ ರಕ್ತದಲ್ಲಿ ಹೆಚ್ಚಿದ್ದ ರೋಗಿಗಳಲ್ಲಿ ಸಾವು ಹೆಚ್ಚು ಎಂದು 1987ರಲ್ಲಿ ನಾರ್ವೆಯ ವೈದ್ಯರು ತೋರಿಸಿದರು.

ಈಗ ಈ ರೋಗಕ್ಕೆ ಲಸಿಕೆಗಳಿವೆ. ಜ್ವರ, ಕುತ್ತಿಗೆ ಬಿಗಿತ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಕಂಡ ಕೂಡಲೇ ಆಸ್ಪತ್ರೆಗೆ ಹೋದರೆ ಆಂಟಿಬಯಾಟಿಕ್ ಔಷಧ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಮಿತಿಮೀರಿದ ಸಂದೇಶಗಳನ್ನು ತಡೆಯುವ ಔಷಧಕ್ಕಾಗಿ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ.