ಪಠ್ಯಪುಸ್ತಕಕ್ಕಾಗಿ 32 ವರ್ಷ ಕೋರ್ಟು ಹತ್ತಿದ ಮೇಷ್ಟ್ರು

ಪಠ್ಯಪುಸ್ತಕದ ಜಗಳ ಎದ್ದಾಗಲೆಲ್ಲ ನನಗೆ ಜಪಾನಿನ ಇತಿಹಾಸಕಾರ ಸಬುರೊ ಇಯೆನಾಗ ನೆನಪಾಗುತ್ತಾರೆ. ತಾವು ಬರೆದ ಶಾಲಾ ಪುಸ್ತಕಕ್ಕಾಗಿ ತಮ್ಮದೇ ಸರ್ಕಾರದ ಜೊತೆ 32 ವರ್ಷ ಕೇಸು ಆಡಿದವರು.

ಹುಟ್ಟಾ ಬಂಡಾಯಗಾರರೇನಲ್ಲ. 1913ರಲ್ಲಿ ನಗೋಯಾದಲ್ಲಿ ಹುಟ್ಟಿ, ಹಳೆಯ ಚಿತ್ರಕಲೆ, ಬೌದ್ಧ ಚಿಂತನೆ ಅಂತ ಓದಿಕೊಂಡಿದ್ದ ವಿದ್ವಾಂಸ. ಚಕ್ರವರ್ತಿಯ ವಂಶ ದೇವರಿಂದ ಇಳಿದು ಬಂತು ಅನ್ನೋದನ್ನೇ ಇತಿಹಾಸವೆಂದು ಕಲಿಸುತ್ತಿದ್ದ ಕಾಲದಲ್ಲಿ ಅವರೂ ಮೇಷ್ಟ್ರಾಗಿದ್ದರು. ಪಾಠ ಕೇಳಿದ ಹುಡುಗರು ಯುದ್ಧಕ್ಕೆ ಹೋದರು, ತಾವು ಸುಮ್ಮನಿದ್ದೆವು ಎಂಬ ಕೊರಗು ಅವರನ್ನು ಕಡೆತನಕ ಬಿಡಲಿಲ್ಲ. ಮುಂದಿನದ್ದೆಲ್ಲ ಹುಟ್ಟಿದ್ದು ಆ ಕೊರಗಿನಿಂದಲೇ ಅಂತ ನನಗನಿಸುತ್ತದೆ.

ಯುದ್ಧದ ನಂತರ ಹೈಸ್ಕೂಲಿಗೆ ಜಪಾನಿನ ಇತಿಹಾಸ ಬರೆದರು. ಶಿಕ್ಷಣ ಸಚಿವಾಲಯ 1963ರಲ್ಲಿ ಅದನ್ನು ತಿರಸ್ಕರಿಸಿತು. ಮರುವರ್ಷ ಒಪ್ಪಿಗೆ ಸಿಕ್ಕಿತು, ಆದರೆ ಸುಮಾರು 300 ಕಡೆ ತಕರಾರು ತೆಗೆದರು. ಯುದ್ಧವನ್ನು ವಿವೇಚನೆಯಿಲ್ಲದ್ದು ಎಂದು ಕರೆದದ್ದೂ ತಪ್ಪಾಯಿತು, ಯುದ್ಧದ ಚಿತ್ರಣ ತೀರಾ ಕರಾಳವಾಗಿದೆ ಅನ್ನೋದೂ ಒಂದು ದೂರು. 1965ರಲ್ಲಿ ಕೋರ್ಟಿಗೆ ಹೋದರು. 1967ರಲ್ಲಿ ಎರಡನೇ ಕೇಸು, 1984ರಲ್ಲಿ ಮೂರನೆಯದು. ಬಲಪಂಥೀಯರ ಬೆದರಿಕೆಗಳೂ ಬಂದವು. 1970ರಲ್ಲಿ ಟೋಕಿಯೊದ ಜಿಲ್ಲಾ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು, ಆದರೆ ಆ ಗೆಲುವು ಮೇಲಿನ ಕೋರ್ಟುಗಳಲ್ಲಿ ಉಳಿಯಲಿಲ್ಲ.

ಮೂರನೇ ಕೇಸನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಜಪಾನಿ ಸೇನೆಯ 731ನೇ ಘಟಕ ಚೀನಾದಲ್ಲಿ ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸಿತ್ತು. ಇಯೆನಾಗ ಅದನ್ನು ಬರೆದರು. ಸಚಿವಾಲಯ ಅದು ಸುಳ್ಳು ಅನ್ನಲಿಲ್ಲ ನೋಡಿ. ಸಂಶೋಧನೆ ಇನ್ನೂ ಸಾಲದು, ಪಠ್ಯದಲ್ಲಿ ಹಾಕೋದು ಅವಸರವಾಯಿತು, ಪೂರ್ತಿ ತೆಗೆಯಿರಿ ಅಂದಿತು. ನಿರಾಕರಿಸುವುದಕ್ಕಿಂತ ಚಾಣಾಕ್ಷ ದಾರಿ ಇದು: ಸತ್ಯಕ್ಕೆ ಕಾಯಲು ಹೇಳಿ ಒಂದು ತಲೆಮಾರನ್ನು ಶಾಲೆಯಿಂದ ದಾಟಿಸಿಬಿಡೋದು.

1997ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ಅವರಿಗೆ 83. 731ನೇ ಘಟಕದ ವಿವರ ತೆಗೆಸಿದ್ದು ಕಾನೂನುಬಾಹಿರ ಎಂದಿತು. ನಾನ್‌ಜಿಂಗ್ ಹತ್ಯಾಕಾಂಡವೂ ಸೇರಿ ಒಟ್ಟು ನಾಲ್ಕು ಅಂಶಗಳಲ್ಲಿ ಅವರು ಗೆದ್ದಂತಾಯಿತು. ಪರಿಹಾರ 4 ಲಕ್ಷ ಯೆನ್. ಆದರೆ ಪಠ್ಯವನ್ನು ಮೊದಲೇ ಪರಿಶೀಲಿಸುವ ಸರ್ಕಾರದ ಅಧಿಕಾರ ಸಂವಿಧಾನಬದ್ಧವೇ ಎಂದಿತು. ಅಂದರೆ ಕತ್ತರಿ ಸರ್ಕಾರದ ಕೈಯಲ್ಲೇ ಉಳಿಯಿತು. ಆದರೂ ಇದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಕತ್ತರಿ ಪ್ರಯೋಗಕ್ಕೆ ಅಧಿಕಾರಿಗಳು ಕಟಕಟೆಯಲ್ಲಿ ಕಾರಣ ಕೊಡಬೇಕಾಯಿತಲ್ಲ!

ಅವರು 2002ರಲ್ಲಿ ತೀರಿಕೊಂಡರು. 2005ರಲ್ಲಿ ಜಪಾನ್, ಚೀನಾ, ದಕ್ಷಿಣ ಕೊರಿಯಾದ ಇತಿಹಾಸಕಾರರು, ಶಿಕ್ಷಕರು ಜೊತೆಗೂಡಿ ಬರೆದ ಆಧುನಿಕ ಪೂರ್ವ ಏಷ್ಯಾದ ಇತಿಹಾಸ ಮೂರೂ ಭಾಷೆಗಳಲ್ಲಿ ಬಂತು. ನಾನ್‌ಜಿಂಗ್ ಅದರಲ್ಲಿದೆ, 731ನೇ ಘಟಕವೂ ಇದೆ. ಸರ್ಕಾರದ ಮುದ್ರೆ ಬೀಳುವ ಪಠ್ಯಪುಸ್ತಕವಾಗಿ ಅಲ್ಲ, ಪೂರಕ ಓದಾಗಿ.